ಕಾಲ ಉಳಿಸಿಹೋದ ವಿಕಿರಣ

ಕರಾವಳಿಯ, ಮಲೆನಾಡಿನ ಹಿರಿಯರಿಗೆ ಗ್ಯಾಸ್‌ಲೈಟು ಚೆನ್ನಾಗಿ ನೆನಪಿರುತ್ತದೆ. ಬಯಲಾಟದ ರಂಗಸ್ಥಳದ ಮುಂದೆ, ಮದುವೆಯ ಚಪ್ಪರದಲ್ಲಿ, ಜಾತ್ರೆಯ ಅಂಗಡಿಸಾಲಿನಲ್ಲಿ ಸುಯ್ಯೆನ್ನುತ್ತ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸ್. ಹೊಸದಾಗಿ ಕಟ್ಟುವಾಗ ಅದರ ಮ್ಯಾಂಟಲ್ ಮೆತ್ತನೆಯ ಬಟ್ಟೆಚೀಲ. ಒಮ್ಮೆ ಬೆಂಕಿ ತಾಗಿದರೆ ನೂಲೆಲ್ಲ ಸುಟ್ಟುಹೋಗಿ, ಮುಟ್ಟಿದರೆ ಉದುರುವ ಬಿಳಿಯ ಗೂಡಷ್ಟೇ ಉಳಿಯುತ್ತಿತ್ತು. ಸೀಮೆಎಣ್ಣೆಯ ನೀಲಿ ಜ್ವಾಲೆಯಿಂದ ಕಣ್ಣು ಕೋರೈಸುವ ಬೆಳಕು ಹೊಮ್ಮಿಸುತ್ತಿದ್ದುದು ಆ ಗೂಡೇ. ಅದು ಬಹುಪಾಲು ಥೋರಿಯಂ ಆಕ್ಸೈಡ್. ಜೊತೆಗೆ ಶೇ 1ರಷ್ಟು ಸೀರಿಯಂ ಆಕ್ಸೈಡ್. ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್ 1891ರಲ್ಲಿ ಈ ಮಿಶ್ರಣವನ್ನು ಹದಕ್ಕೆ ತಂದ. ಥೋರಿಯಂ ವಿಕಿರಣಶೀಲ ಎಂಬುದು ಗೊತ್ತಾದದ್ದು ಆಮೇಲೆ, 1898ರಲ್ಲಿ.

ಮ್ಯಾಂಟಲಿನ ಬೆಳಕಿಗೂ ಥೋರಿಯಂನ ವಿಕಿರಣಕ್ಕೂ ಸಂಬಂಧವಿಲ್ಲ. ಕಾದ ಆಕ್ಸೈಡ್ ಹೊಳೆಯುತ್ತಿತ್ತು, ಅಷ್ಟೆ. ಆದರೆ ಬಣ್ಣದ ವೇಷ ರಂಗಕ್ಕೆ ಬರುವ ಹೊತ್ತಿಗೆ ಆ ಗೂಡಿನಲ್ಲಿ ಥೋರಿಯಂ ಪರಮಾಣುಗಳು ಒಂದೊಂದಾಗಿ ಒಡೆಯುತ್ತಿದ್ದುದಂತೂ ನಿಜ. ಆ ಥೋರಿಯಂ ಸಿಗುವುದು ಮೊನಜೈಟ್ ಎಂಬ ಖನಿಜದಲ್ಲಿ. 1909ರಲ್ಲಿ ಜರ್ಮನಿಯ ಷೋಂಬರ್ಗ್ ಎಂಬ ರಸಾಯನಶಾಸ್ತ್ರಜ್ಞ, ತಿರುವಾಂಕೂರು ಸೀಮೆಯಿಂದ ಹಡಗೇರಿ ಬಂದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಮೊನಜೈಟನ್ನು ಗುರುತಿಸಿದ. ಅಲ್ಲಿಂದ ಮುಂದೆ ಕೇರಳ ಮತ್ತು ಕನ್ಯಾಕುಮಾರಿ ಕಡೆಯ ಮರಳಿಗೆ ಜಗತ್ತಿನ ಬೇಡಿಕೆ ಬಂತು. ನಮ್ಮ ಕರಾವಳಿಯಲ್ಲೂ ಅದರ ಚೂರುಪಾರು ಇದೆ: ಉಳ್ಳಾಲದ ಕಡಲತೀರದಲ್ಲಿ ಮೊನಜೈಟಿನಿಂದಾಗಿ ವಿಕಿರಣ ಹೆಚ್ಚಿರುವ ಜಾಗಗಳನ್ನು ಮಂಗಳೂರು ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಬಹಳ ಹಿಂದೆಯೇ ಗುರುತಿಸಿದ್ದಾರೆ.

ವಿಕಿರಣ ಎಂದ ಕೂಡಲೇ ನಮ್ಮ ಮನಸ್ಸು ಹಿರೋಷಿಮಾಕ್ಕೆ, ಚೆರ್ನೋಬಿಲ್‌ಗೆ, ಕೈಗಾಕ್ಕೆ ಹೋಗುತ್ತದೆ. ಮನುಷ್ಯ ಮಾಡಿದ ವಿಕಿರಣದ ಬಗ್ಗೆ ನಮಗಿರುವ ಭಯಕ್ಕೆ ಕಾರಣಗಳಿವೆ, ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ನನ್ನ ಕೊರಗು ಬೇರೆ. ನಾವು ಹುಟ್ಟುವ ಮೊದಲೇ, ನೆಲ ನೆಲವಾಗುವ ಮೊದಲೇ ಇಲ್ಲಿದ್ದ ವಿಕಿರಣಶೀಲ ವಸ್ತುಗಳ ಬಗ್ಗೆ ನಮ್ಮಲ್ಲಿ ಭಯವೂ ಇಲ್ಲ, ತಿಳಿವಳಿಕೆಯೂ ಇಲ್ಲ. ಅದರಿಂದಾಗಿ ಹೆದರಬೇಕಿಲ್ಲದ ಕಡೆ ಹೆದರುತ್ತೇವೆ. ಗಮನ ಕೊಡಲೇಬೇಕಾದ ಕಡೆ ಸುಮ್ಮನಿರುತ್ತೇವೆ. ದಕ್ಷಿಣ ಕರ್ನಾಟಕದ ಗ್ರಾನೈಟ್ ನೆಲದ ಮೇಲೆ ಬದುಕುವವರಿಗೆ ಈ ಅಲಕ್ಷ್ಯ ಒಳ್ಳೆಯದಲ್ಲ.

ವಿಕಿರಣಶೀಲ ಪರಮಾಣು ಎಂದರೆ ನಿಲ್ಲಲಾರದ ಪರಮಾಣು. ಅದರ ನ್ಯೂಕ್ಲಿಯಸ್ ತನ್ನಷ್ಟಕ್ಕೆ ಒಂದು ಕಣವನ್ನು ಹೊರಗೆಸೆದು ಬೇರೆಯದೇ ಮೂಲವಸ್ತುವಾಗುತ್ತದೆ. ಒಂದೇ ಮೂಲವಸ್ತುವಿನಲ್ಲೂ ನ್ಯೂಟ್ರಾನುಗಳ ಸಂಖ್ಯೆ ಬೇರೆಯಿರುವ ರೂಪಗಳುಂಟು. ಅವೇ ಐಸೊಟೋಪುಗಳು, ಸಮಸ್ಥಾನಿಗಳು. ಅವುಗಳಲ್ಲಿ ಕೆಲವು ನಿಲ್ಲುತ್ತವೆ, ಕೆಲವು ಒಡೆಯುತ್ತವೆ. ಒಂದು ನಿರ್ದಿಷ್ಟ ಪರಮಾಣು ಯಾವಾಗ ಒಡೆಯುತ್ತದೆಂದು ಯಾರೂ ಹೇಳಲಾರರು. ಆದರೆ ರಾಶಿಯಲ್ಲಿ ಅರ್ಧದಷ್ಟು ಒಡೆಯಲು ಎಷ್ಟು ಕಾಲ ಬೇಕೆಂಬುದನ್ನು ಬಹಳ ನಿಖರವಾಗಿ ಹೇಳಬಹುದು. ಇದೇ ಅರ್ಧಾಯು. ಬಿಸಿ ಮಾಡಿ, ತಣ್ಣಗಾಗಿಸಿ, ಆಮ್ಲದಲ್ಲಿ ಕರಗಿಸಿ: ಆ ವೇಗದಲ್ಲಿ ನಮ್ಮ ಕೈಗೆ ಸಿಗುವಂಥ ಬದಲಾವಣೆಯಾಗುವುದಿಲ್ಲ.

ಭೂಮಿಗೆ ಸುಮಾರು 454 ಕೋಟಿ ವರ್ಷ. ಅಷ್ಟು ಕಾಲ ಕಳೆದ ಮೇಲೂ ನೆಲದಲ್ಲಿ ಉಳಿದಿರಬೇಕಾದರೆ ಅರ್ಧಾಯು ಬಹಳ ದೊಡ್ಡದಿರಬೇಕು. ಥೋರಿಯಂ-232ರದು ಸುಮಾರು 1400 ಕೋಟಿ ವರ್ಷ. ಭೂಮಿ ಹುಟ್ಟಿದಾಗ ಇದ್ದುದರಲ್ಲಿ ಐದರಲ್ಲಿ ನಾಲ್ಕು ಪಾಲು ಈಗಲೂ ಇದೆ. ಯುರೇನಿಯಂ-238ರದು 447 ಕೋಟಿ ವರ್ಷ. ಸರಿಸುಮಾರು ಅರ್ಧ ಉಳಿದಿದೆ. ಪೊಟ್ಯಾಷಿಯಂ-40ರದು 125 ಕೋಟಿ. ಶೇ 8ರಷ್ಟು ಉಳಿದಿದೆ. ಅಣುಬಾಂಬಿಗೂ ವಿದ್ಯುತ್ ಸ್ಥಾವರಕ್ಕೂ ಬೇಕಾದ ಯುರೇನಿಯಂ-235ರದು ಬರೀ 70 ಕೋಟಿ. ಶೇ 1ರ ಆಸುಪಾಸು ಮಾತ್ರ ಉಳಿದಿದೆ. ಇವುಗಳ ಜೊತೆ ಹುಟ್ಟಿದ ಅಲ್ಪಾಯುಗಳು ಎಂದೋ ಮುಗಿದುಹೋದವು. ಅಲ್ಯೂಮಿನಿಯಂ-26ರ ಅರ್ಧಾಯು ಸುಮಾರು 7 ಲಕ್ಷ ವರ್ಷ. ಸೌರಮಂಡಲದ ಬಾಲ್ಯದಲ್ಲಿ ಅದು ಇದ್ದುದಕ್ಕೆ ಸಾಕ್ಷಿ ಸಿಗುವುದು ಹಳೆಯ ಉಲ್ಕಾಶಿಲೆಗಳಲ್ಲಿ, ಅದು ಒಡೆದು ಬಿಟ್ಟುಹೋದ ಮೆಗ್ನೀಷಿಯಂ-26ರ ಹೆಚ್ಚುವರಿ ಪ್ರಮಾಣದಲ್ಲಿ. ನಾವಿಂದು ಕಾಣುತ್ತಿರುವ ವಿಕಿರಣಶೀಲ ವಸ್ತುಗಳ ಪಟ್ಟಿಯನ್ನು ಸಿದ್ಧಪಡಿಸಿದ್ದು ಕಾಲವೇ. ಬೇಗ ಒಡೆಯುವಂಥವು ಹೋದವು, ನಿಧಾನಿಗಳು ಉಳಿದವು.

ನಿಧಾನ ಎಂಬುದಕ್ಕೆ ಮಿತಿಯೇ ಇಲ್ಲವೇನೋ ಅನ್ನಿಸುವಂಥ ಪ್ರಸಂಗಗಳಿವೆ. ಸ್ಥಿರ ಮೂಲವಸ್ತುಗಳ ಸಾಲಿನಲ್ಲಿ ಕಟ್ಟಕಡೆಯದು ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದ ಬಿಸ್ಮತ್-209 ಕೂಡ ಒಡೆಯುತ್ತದೆಂದು ಫ್ರಾನ್ಸಿನ ವಿಜ್ಞಾನಿಗಳು 2003ರಲ್ಲಿ ತೋರಿಸಿದರು. ಅದರ ಅರ್ಧಾಯು ವಿಶ್ವದ ವಯಸ್ಸಿನ ನೂರು ಕೋಟಿ ಪಟ್ಟಿಗೂ ಹೆಚ್ಚು. ಇದಕ್ಕಿಂತ ಮುಂದಿನ ಪ್ರಶ್ನೆಯನ್ನು ಕೋಲಾರದ ಚಿನ್ನದ ಗಣಿಯಲ್ಲಿ ಕೇಳಲಾಗಿತ್ತು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಎಲ್ಲ ನ್ಯೂಕ್ಲಿಯಸ್ಸುಗಳ ಬುನಾದಿಯಾದ ಪ್ರೋಟಾನೇ ಎಂದಾದರೂ ಒಡೆಯುತ್ತದೆಯೇ? ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾದ ವಿಜ್ಞಾನಿಗಳ ಜೊತೆ ಸೇರಿ 1980ರ ದಶಕದಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಕಬ್ಬಿಣದ ದೊಡ್ಡ ಉಪಕರಣ ಜೋಡಿಸಿ ಇದಕ್ಕೆ ಕಾದು ಕುಳಿತಿದ್ದರು. ಅವರು ಸೂಚಿಸಿದ ಕೆಲವು ಘಟನೆಗಳಿಗೆ ಬೇರೆ ಪ್ರಯೋಗಗಳ ಬೆಂಬಲ ಸಿಗಲಿಲ್ಲ. ಪ್ರೋಟಾನ್ ಒಡೆದದ್ದನ್ನು ಇಂದಿನವರೆಗೂ ಯಾರೂ ಕಂಡಿಲ್ಲ. ಆದರೂ ಅಂಥ ಪ್ರಶ್ನೆಯನ್ನು ನಮ್ಮ ನೆಲದೊಳಗೆ ಇಳಿದು ಕೇಳಿದ್ದರು ಎಂಬುದು ಅಭಿಮಾನದ ವಿಷಯವೇ.

ನಿಧಾನಿಗಳು ಮಾತ್ರ ಉಳಿದಿದ್ದರೆ ರೇಡಿಯಂ ಎಲ್ಲಿಂದ ಬಂತು? ಅದರ ಅರ್ಧಾಯು 1600 ವರ್ಷ. ರೇಡಾನ್‌ದು 3.8 ದಿನ. ಫ್ರಾನ್ಸಿನ ಮಾರ್ಗರೀಟ್ ಪೆರೆ 1939ರಲ್ಲಿ ಕಂಡುಹಿಡಿದ ಫ್ರಾನ್ಸಿಯಂನದು ಬರೀ 22 ನಿಮಿಷ. ಇವು ಇಂದಿಗೂ ನೆಲದಲ್ಲಿರುವ ಕಾರಣವನ್ನು ಹಳೇ ಮೈಸೂರು ಸೀಮೆಯ ಸಾಲುಕೆರೆ ನೋಡಿದವರು ಸುಲಭವಾಗಿ ತಿಳಿಯುತ್ತಾರೆ. ಮೇಲಿನ ಕೆರೆ ಕೋಡಿ ಬಿದ್ದು ಕೆಳಗಿನ ಕೆರೆಗೆ ನೀರು ಹರಿಯುತ್ತದೆ; ಅದು ತುಂಬಿ ಮುಂದಿನದಕ್ಕೆ. ಕೆಳಗಿನ ಪುಟ್ಟ ಕಟ್ಟೆಯಲ್ಲಿ ನೀರು ನಿಲ್ಲುವುದೇ ಇಲ್ಲ, ಬಂದಷ್ಟೂ ಹೋಗುತ್ತದೆ. ಆದರೂ ಮೇಲಿನ ದೊಡ್ಡ ಕೆರೆಯಲ್ಲಿ ನೀರಿರುವವರೆಗೆ ಕಟ್ಟೆ ಬತ್ತುವುದಿಲ್ಲ. ಯುರೇನಿಯಂ-238 ಇಲ್ಲಿ ದೊಡ್ಡ ಕೆರೆ. ಅದು ಒಡೆದು ಥೋರಿಯಂ-234 ಆಗಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ರೇಡಿಯಂ, ರೇಡಾನ್, ಪೊಲೋನಿಯಂಗಳನ್ನು ದಾಟಿ ಕೊನೆಗೆ ಸೀಸ-206 ಆಗಿ ನಿಲ್ಲುತ್ತದೆ. ಥೋರಿಯಂ-232ಕ್ಕೂ ಯುರೇನಿಯಂ-235ಕ್ಕೂ ಇಂಥವೇ ಸರಣಿಗಳಿವೆ, ಅವು ಸೀಸದ ಬೇರೆ ಎರಡು ಐಸೊಟೋಪುಗಳಲ್ಲಿ ಕೊನೆಯಾಗುತ್ತವೆ.

ಯಾವ ಹಂತದಲ್ಲಿ ಎಷ್ಟು ವಸ್ತು ನಿಂತಿರುತ್ತದೆ ಎಂಬುದನ್ನೂ ಅರ್ಧಾಯುವೇ ಹೇಳುತ್ತದೆ. ಒಂದು ಟನ್ ಯುರೇನಿಯಂ ಇರುವ ಹಳೆಯ ಅದಿರಿನಲ್ಲಿ ರೇಡಿಯಂ ಮೂರನೇ ಒಂದು ಗ್ರಾಮಿನಷ್ಟಿರುತ್ತದೆ. ಮರೀ ಮತ್ತು ಪಿಯರ್ ಕ್ಯೂರಿ 1898ರಲ್ಲಿ ಪೊಲೋನಿಯಂ, ರೇಡಿಯಂಗಳನ್ನು ಗುರುತಿಸಿದ ಮೇಲೆ, ಬೊಹೀಮಿಯಾದ ಯೋವಾಕಿಮ್‌ಸ್ಟಾಲ್ ಗಣಿಯ ಪಿಚ್‌ಬ್ಲೆಂಡ್ ಗಸಿಯನ್ನು ಟನ್‌ಗಟ್ಟಲೆ ಕುದಿಸಿ ಸೋಸಿ 1902ರ ಹೊತ್ತಿಗೆ ಪಡೆದದ್ದು ಗ್ರಾಮಿನ ಹತ್ತನೇ ಒಂದು ಪಾಲು ರೇಡಿಯಂ ಕ್ಲೋರೈಡ್. ಆ ಪರಿಶ್ರಮ ಅಷ್ಟೊಂದು ಘೋರವಾಗಿದ್ದುದರ ಹಿಂದೆ ಈ ಲೆಕ್ಕವಿದೆ.

ಈ ಸರಣಿಯಲ್ಲಿ ಒಂದೇ ಒಂದು ಕಡೆ ಘನವಸ್ತು ಅನಿಲವಾಗುತ್ತದೆ: ರೇಡಿಯಂ ಒಡೆದು ರೇಡಾನ್ ಆಗುವಲ್ಲಿ. ಕಲ್ಲಿನೊಳಗೆ, ಮಣ್ಣಿನ ಕಣದೊಳಗೆ ಬಂಧಿಯಾಗಿದ್ದ ಸರಣಿಗೆ ಇದ್ದಕ್ಕಿದ್ದಂತೆ ಹೊರಬರುವ ದಾರಿ ಸಿಗುತ್ತದೆ. ರೇಡಾನ್ ಯಾವುದರೊಂದಿಗೂ ಕೂಡದ ಜಡ ಅನಿಲ, ಬಣ್ಣವಿಲ್ಲ, ವಾಸನೆಯಿಲ್ಲ. 3.8 ದಿನದ ಅರ್ಧಾಯು ಅದಕ್ಕೆ ಮಣ್ಣಿನ ಸಂದುಗಳಲ್ಲಿ ತೆವಳಿ ಮೇಲೆ ಬರಲು ಸಾಕಾಗುತ್ತದೆ. ಥೋರಿಯಂ ಸರಣಿಯ ರೇಡಾನಿಗೆ 56 ಸೆಕೆಂಡು ಮಾತ್ರ, ಅದು ಹುಟ್ಟಿದಲ್ಲೇ ಬಹುಪಾಲು ಮುಗಿಯುತ್ತದೆ. ಬಯಲಿಗೆ ಬಂದ ರೇಡಾನ್ ಗಾಳಿಯಲ್ಲಿ ಚದುರಿಹೋಗುತ್ತದೆ. ಬಿರುಕು ಬಿಟ್ಟ ನೆಲದ ಮೂಲಕ ಮುಚ್ಚಿದ ಕೋಣೆಗೆ ಬಂದದ್ದು ಅಲ್ಲೇ ತುಂಬಿಕೊಳ್ಳುತ್ತದೆ. ಉಸಿರಿಗೆ ಹೋದ ರೇಡಾನ್ ಹಾಗೇ ಹೊರಬಂದೀತು; ಆದರೆ ಅದು ಒಡೆದು ಹುಟ್ಟುವ ಪೊಲೋನಿಯಂ ಲೋಹ. ಧೂಳಿಗೆ ಅಂಟಿಕೊಂಡು ಶ್ವಾಸಕೋಶದಲ್ಲಿ ಕುಳಿತು, ಆಲ್ಫಾ ಕಣವನ್ನು ನೇರವಾಗಿ ಜೀವಕೋಶಕ್ಕೆ ಎಸೆಯುತ್ತದೆ.

ಇದರ ಗಂಭೀರತೆ ಜಗತ್ತಿಗೆ ಮನದಟ್ಟಾದದ್ದು 1984ರಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾದ ಲಿಮೆರಿಕ್ ಪರಮಾಣು ಸ್ಥಾವರದಲ್ಲಿ ಕೆಲಸ ಮಾಡುತ್ತಿದ್ದ ಇಂಜಿನಿಯರೊಬ್ಬರು ಬಾಗಿಲ ಬಳಿಯ ವಿಕಿರಣ ತಪಾಸಣಾ ಯಂತ್ರವನ್ನು ಪದೇ ಪದೇ ಕೂಗಿಸುತ್ತಿದ್ದರು. ಕೆಲಸ ಮುಗಿಸಿ ಹೊರಬರುವಾಗ ಮಾತ್ರವೇ ಅಲ್ಲ, ಮನೆಯಿಂದ ಬಂದು ಒಳಗೆ ಕಾಲಿಡುವಾಗಲೂ. ಹುಡುಕಿದಾಗ ಅವರ ಮನೆಯ ಗಾಳಿಯಲ್ಲಿ ರೇಡಾನ್ ಒಂದು ಘನಮೀಟರಿಗೆ ಸುಮಾರು 1 ಲಕ್ಷ ಬೆಕೆರೆಲ್‌ನಷ್ಟಿತ್ತು. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕೆರೆಲ್. ಮನೆಗಳಲ್ಲಿ ಇದು 100ರೊಳಗಿರಲಿ, ಆಗದಿದ್ದರೆ 300ನ್ನಂತೂ ಮೀರದಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ದೊಡ್ಡ ಕಾರಣಗಳ ಸಾಲಿನಲ್ಲಿ ರೇಡಾನ್ ನಿಲ್ಲುತ್ತದೆ. ಮನುಷ್ಯನಿಗೆ ಪ್ರಕೃತಿಯಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆಂಬುದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯ ಅಂದಾಜು. ಅದರಲ್ಲಿ ಸುಮಾರು ಅರ್ಧ ರೇಡಾನ್ ಮತ್ತದರ ಸಂತತಿಯದೇ.

ನಮ್ಮ ಹಳೆಯ ಮನೆಗಳ ಹೆಂಚಿನ ಮಾಡು, ಗವಾಕ್ಷಿ, ತೆರೆದ ಹಜಾರ ಈ ವಿಷಯದಲ್ಲಿ ನಮ್ಮನ್ನು ತಿಳಿಯದೆಯೇ ಕಾಪಾಡಿವೆ. ಕಿಟಕಿ ತೆಗೆಯದ, ಎ.ಸಿ. ಹಾಕಿದ ನೆಲಮಾಳಿಗೆಯ ಕೋಣೆಗಳಿಗೆ ಆ ಭಾಗ್ಯವಿಲ್ಲ. ಗ್ರಾನೈಟ್ ನೆಲದ ಮೇಲೆ ನಿಂತ ಬೆಂಗಳೂರಿನಂಥ ಊರಿನಲ್ಲಿ ಅಂಥ ಕೋಣೆಗಳ ಗಾಳಿಯನ್ನು ಅಳೆಯುವುದು ಮನೆ ಕಟ್ಟುವವರ ವಾಡಿಕೆಯಾಗಬೇಕು ಎಂಬುದು ನನ್ನ ಅಭಿಪ್ರಾಯ.

ಧೂಮಪಾನ ಮತ್ತು ರೇಡಾನ್ ಎಂದು ಎರಡಾಗಿ ಹೇಳಿದೆ. ನಿಜದಲ್ಲಿ ಅವು ಒಂದರೊಳಗೊಂದು ಹೆಣೆದುಕೊಂಡಿವೆ. ಹೊಗೆಸೊಪ್ಪಿನ ಎಲೆಯ ಮೇಲೆ ಅಂಟಂಟಾದ ಸಣ್ಣ ರೋಮಗಳಿವೆ. ಗಾಳಿಯಲ್ಲಿ ತೇಲುವ ರೇಡಾನ್ ಸಂತತಿಯ ಕಣಗಳು ಅವಕ್ಕೆ ಹತ್ತಿಕೊಳ್ಳುತ್ತವೆ. ರಂಜಕದ ಗೊಬ್ಬರದಲ್ಲಿ ಇರುವ ಯುರೇನಿಯಂ ಸಂತತಿಯೂ ಗಿಡಕ್ಕೆ ಒಂದಿಷ್ಟು ಸೇರಿಸುತ್ತದೆ. ಅಲ್ಲಿ ಸೀಸ-210 ನಿಂತು, 22 ವರ್ಷದ ಅರ್ಧಾಯುವಿನಲ್ಲಿ ಪೊಲೋನಿಯಂ-210 ಅನ್ನು ಹುಟ್ಟಿಸುತ್ತ ಹೋಗುತ್ತದೆ. ಸಿಗರೇಟಿನ ಕೆಂಡದ ಬಿಸಿಗೆ ಪೊಲೋನಿಯಂ ಆವಿಯಾಗಿ ಹೊಗೆ ಸೇರುತ್ತದೆ. ಹಾರ್ವರ್ಡ್‌ನ ರ‍್ಯಾಡ್‌ಫರ್ಡ್ ಮತ್ತು ಹಂಟ್ ಇದನ್ನು 1964ರಲ್ಲೇ ಪ್ರಕಟಿಸಿದರು. ಹುಣಸೂರು, ಪಿರಿಯಾಪಟ್ಟಣಗಳ ಹದ ಮಾಡಿದ ತಂಬಾಕಿಗೂ ನಿಪ್ಪಾಣಿಯ ಬೀಡಿ ತಂಬಾಕಿಗೂ ಹೆಸರಾದ ರಾಜ್ಯ ನಮ್ಮದು. ಪ್ಯಾಕೆಟ್ಟಿನ ಮೇಲಿನ ಎಚ್ಚರಿಕೆಯ ಚಿತ್ರದಲ್ಲಿ ಈ ಸಂಗತಿ ಇಲ್ಲ.

ಪೊಟ್ಯಾಷಿಯಂ-40ರ ಕಥೆ ಇದಕ್ಕೆ ತದ್ವಿರುದ್ಧ: ಎಲ್ಲೆಲ್ಲೂ ಇದೆ, ಕೆಡುಕು ಕಾಣದು. ಪ್ರಕೃತಿಯ ಪೊಟ್ಯಾಷಿಯಂನಲ್ಲಿ ಹತ್ತು ಸಾವಿರಕ್ಕೆ ಒಂದು ಪರಮಾಣು ಮಾತ್ರ ಈ ಬಗೆಯದು. ಆದರೆ ಪೊಟ್ಯಾಷಿಯಂ ಇಲ್ಲದ ಜೀವಕೋಶವಿಲ್ಲ. ವಯಸ್ಕರ ದೇಹದಲ್ಲಿ ಸುಮಾರು 140 ಗ್ರಾಂ ಪೊಟ್ಯಾಷಿಯಂ ಇರುತ್ತದೆ. ಅದರಿಂದಾಗಿ ಪ್ರತಿ ಸೆಕೆಂಡಿಗೆ 4000ಕ್ಕೂ ಹೆಚ್ಚು ಪರಮಾಣುಗಳು ನಮ್ಮೊಳಗೆ ಒಡೆಯುತ್ತಿರುತ್ತವೆ. ಬಾಳೆಹಣ್ಣು ತಿಂದರೆ, ಎಳನೀರು ಕುಡಿದರೆ ಇದು ಏರುವುದಿಲ್ಲ. ದೇಹ ಪೊಟ್ಯಾಷಿಯಂನ ಮಟ್ಟವನ್ನು ಬಿಗಿಯಾಗಿ ಕಾಯ್ದುಕೊಂಡು ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ರೈತರು ಹೊಲಕ್ಕೆ ಎರಚುವ 50 ಕಿಲೋ ಪೊಟ್ಯಾಷ್ ಗೊಬ್ಬರದ ಚೀಲದಲ್ಲಿ ಸೆಕೆಂಡಿಗೆ ಏಳೂವರೆ ಲಕ್ಷದಷ್ಟು ಪರಮಾಣುಗಳು ಒಡೆಯುತ್ತವೆ. ಸಂಖ್ಯೆ ಕೇಳಿ ಬೆಚ್ಚಬೇಕಿಲ್ಲ. ಆ ಚೀಲವನ್ನು ಹೆಗಲ ಮೇಲೆ ಹೊತ್ತವರಿಗೆ ಅದರಿಂದ ತೊಂದರೆಯಾಗುವುದಿಲ್ಲ. ಬೆಕೆರೆಲ್‌ನ ಸಂಖ್ಯೆ ಎಷ್ಟೇ ದೊಡ್ಡದಾಗಿ ಕಂಡರೂ, ಯಾವ ವಸ್ತು, ದೇಹದ ಯಾವ ಭಾಗಕ್ಕೆ ಹೋಯಿತು, ಎಷ್ಟು ಕಾಲ ಕುಳಿತಿತ್ತು ಎಂಬುದು ತಿಳಿಯದೆ ಅದಕ್ಕೆ ಅರ್ಥವಿಲ್ಲ.

ಪೊಟ್ಯಾಷಿಯಂ-40 ಒಡೆಯುವಾಗ ಹತ್ತರಲ್ಲಿ ಒಂದರಷ್ಟು ಪರಮಾಣುಗಳು ಆರ್ಗಾನ್-40 ಆಗುತ್ತವೆ, ಉಳಿದವು ಕ್ಯಾಲ್ಸಿಯಂ. ನಮ್ಮ ಸುತ್ತಲ ಗಾಳಿಯಲ್ಲಿ ಶೇ 0.93 ಆರ್ಗಾನ್ ಇದೆ, ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಹೆಚ್ಚು. ಅದೆಲ್ಲ ಬಹುತೇಕ ಬಂದದ್ದು ಭೂಮಿಯೊಳಗಿನ ಪೊಟ್ಯಾಷಿಯಂ ಕೋಟ್ಯಂತರ ವರ್ಷ ಒಡೆಯುತ್ತ, ಜ್ವಾಲಾಮುಖಿಗಳಲ್ಲಿ ಸೋರುತ್ತ ಬಂದುದರಿಂದ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸೋಜಿಗದ ಸಂಗತಿ ಇದೇ: ಪ್ರತಿ ಉಸಿರಿನ ನೂರನೇ ಒಂದು ಪಾಲು ವಿಕಿರಣಶೀಲ ಕಲ್ಲಿನ ಕೊಡುಗೆ. ಭೂಮಿಯ ಒಡಲಿನ ಬಿಸಿಯ ದೊಡ್ಡ ಪಾಲಿಗೂ ಪೊಟ್ಯಾಷಿಯಂ ಮತ್ತು ಅದರ ಜೊತೆಯ ನಿಧಾನಿಗಳೇ ಕಾರಣ. 2011ರಲ್ಲಿ ಜಪಾನಿನ ಕಾಮ್‌ಲ್ಯಾಂಡ್ ಪ್ರಯೋಗ ನೆಲದಾಳದಿಂದ ಬರುವ ನ್ಯೂಟ್ರಿನೊಗಳನ್ನು ಎಣಿಸಿ, ಭೂಮಿ ಹೊರಹಾಕುವ ಶಾಖದಲ್ಲಿ ಸುಮಾರು ಅರ್ಧದಷ್ಟು ಯುರೇನಿಯಂ, ಥೋರಿಯಂ, ಪೊಟ್ಯಾಷಿಯಂಗಳ ಒಡೆತದಿಂದ ಬರುತ್ತದೆಂದು ಅಂದಾಜು ಮಾಡಿತು.

ಇನ್ನೊಂದು ಗುಂಪು ಆಕಾಶದಲ್ಲಿ ಹುಟ್ಟುತ್ತದೆ. ವಿಶ್ವಕಿರಣಗಳು ಗಾಳಿಗೆ ಬಡಿದಾಗ ಸಿಡಿಯುವ ನ್ಯೂಟ್ರಾನುಗಳು ನೈಟ್ರೋಜನ್ ಅನ್ನು ಕಾರ್ಬನ್-14 ಆಗಿಸುತ್ತವೆ. ಅರ್ಧಾಯು 5730 ವರ್ಷ. ಗಿಡ ದ್ಯುತಿಸಂಶ್ಲೇಷಣೆ ನಡೆಸುವಾಗ ಅದು ಒಳಸೇರುತ್ತದೆ, ಗಿಡ ಸತ್ತಾಗ ಸೇರ್ಪಡೆ ನಿಲ್ಲುತ್ತದೆ, ಅಲ್ಲಿಂದ ಗಡಿಯಾರ ಶುರು. ಈ ವಿಧಾನಕ್ಕಾಗಿ ವಿಲ್ಲಾರ್ಡ್ ಲಿಬ್ಬಿಗೆ 1960ರಲ್ಲಿ ನೊಬೆಲ್ ಬಂತು. ಬಳ್ಳಾರಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಧಾರವಾಡದ ರವಿ ಕೋರಿಶೆಟ್ಟರ್ ಹಾಗೂ ವಿದೇಶಿ ಸಂಗಡಿಗರು ಸುಟ್ಟು ಕರಿಯಾದ ಕಾಳುಗಳನ್ನು ಜರಡಿ ಹಿಡಿದು ತೆಗೆದರು: ಹುರುಳಿ, ಹೆಸರು, ಕೊರಲೆ. ಯಾರದೋ ಒಲೆಯಲ್ಲಿ ಸೀದುಹೋದ ಆ ಕಾಳುಗಳ ಕಾರ್ಬನ್ ಅಳೆದೇ, ಬಳ್ಳಾರಿ ಸೀಮೆಯ ಜನ ನಾಲ್ಕು ಸಾವಿರ ವರ್ಷದ ಹಿಂದೆ ಏನು ಬಿತ್ತುತ್ತಿದ್ದರೆಂದು ನಾವು ಹೇಳಬಲ್ಲೆವು. ತುಮಕೂರು ಕಡೆಯ ಹೊಲಗಳಲ್ಲಿ ಈಚೆಗೆ ಮತ್ತೆ ಕಾಣುತ್ತಿರುವ ಕೊರಲೆ ಅಂದಿನ ಊಟವಾಗಿತ್ತು.

ಸಾವಿರಗಳಿಂದ ಕೋಟಿಗಳಿಗೆ ಹೋಗಬೇಕಾದರೆ ಕಾರ್ಬನ್ ಸಾಲದು, ಯುರೇನಿಯಂ, ರುಬಿಡಿಯಂಗಳಂಥ ನಿಧಾನಿಗಳೇ ಬೇಕು. ಜಿರ್ಕಾನ್ ಎಂಬ ಖನಿಜ ಹರಳುಗಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಸೇರಿಸುವುದೇ ಇಲ್ಲ. ಹಾಗಾಗಿ ಹಳೆಯ ಜಿರ್ಕಾನಿನಲ್ಲಿ ಕಾಣುವ ಸೀಸವೆಲ್ಲ ಅಲ್ಲೇ ಹುಟ್ಟಿದ್ದು, ಅದನ್ನು ಅಳೆದರೆ ವಯಸ್ಸು ಸಿಕ್ಕಿತು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಈ ಬಗೆಯ ಶಿಲೆಗೆ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್. ಅದರ ವಯಸ್ಸು 300 ಕೋಟಿ ವರ್ಷದ ಆಸುಪಾಸು. ಹೇಮಾವತಿ ದಡದ ಗೊರೂರಿನ ನೈಸ್ ಇನ್ನೂ ಹಳೆಯದು, ಸುಮಾರು 330 ಕೋಟಿ ವರ್ಷ. ಅದನ್ನು ತಿಳಿಸಿದ್ದು ರುಬಿಡಿಯಂ ಒಡೆದು ಆದ ಸ್ಟ್ರಾಂಷಿಯಂ.

ಇದೇ ಸೀಮೆಯ ಬಾಬಾಬುಡನ್ ಗುಂಪಿನ ಶಿಲೆಗಳ ಬುಡದಲ್ಲಿ ಬೆಣಚುಕಲ್ಲಿನ ಉರುಟು ಗುಂಡುಗಳು ಗಟ್ಟಿಯಾಗಿ ಕೂಡಿಕೊಂಡ ಪದರಗಳಿವೆ. ಎಂದೋ ಹರಿದ ನದಿಯ ಪಾತ್ರವದು. ಆ ಗುಂಡುಗಳ ನಡುವೆ ಯುರಾನಿನೈಟ್, ಅಂದರೆ ಯುರೇನಿಯಂ ಆಕ್ಸೈಡಿನ ಕಣಗಳು ಸಿಕ್ಕಿವೆ. ಇಂದಿನ ನದಿಯಲ್ಲಿ ಇದು ಸಾಧ್ಯವಿಲ್ಲ. ಗಾಳಿಯ ಆಮ್ಲಜನಕ ತಾಗಿದ ಯುರಾನಿನೈಟ್ ಬೇಗನೆ ಆಕ್ಸಿಡೀಕರಣಗೊಂಡು ನೀರಿನಲ್ಲಿ ಕರಗಿಹೋಗುತ್ತದೆ. ನದಿ ಉರುಳಿಸಿ ತಂದ ಕಣ ಕರಗದೆ ಉಳಿದಿದೆಯೆಂದರೆ ಅಂದಿನ ಗಾಳಿಯಲ್ಲಿ ಆಮ್ಲಜನಕವೇ ಇರಲಿಲ್ಲ ಎಂದರ್ಥ. ಬಾಬಾಬುಡನ್ ಕಲ್ಲು ಆ ಕಾಲದ ಗಾಳಿಗೆ ಸಾಕ್ಷಿ ನುಡಿಯುತ್ತಿದೆ.

ಸುಮಾರು 240 ಕೋಟಿ ವರ್ಷದ ಹಿಂದೆ ಸೂಕ್ಷ್ಮಜೀವಿಗಳ ಕೃಪೆಯಿಂದ ಆಮ್ಲಜನಕ ಏರಿತು. ಯುರೇನಿಯಂ ಕರಗಿ ನೀರಿನ ಜೊತೆ ಹೊರಟಿತು. ಆಮ್ಲಜನಕವಿಲ್ಲದ ಕೆಸರು, ಸಾವಯವ ವಸ್ತು ಎದುರಾದಲ್ಲಿ ಮತ್ತೆ ಗಟ್ಟಿಯಾಗಿ ಕೂತಿತು. ಹೀಗೆ ಕೂಡಿಬಿದ್ದ ಒಂದು ರಾಶಿ ಆಫ್ರಿಕಾದ ಗಬಾನ್ ದೇಶದ ಓಕ್ಲೊದಲ್ಲಿತ್ತು. 1972ರಲ್ಲಿ ಫ್ರಾನ್ಸಿನ ಪಿಯರ್‌ಲಾಟ್ ಸ್ಥಾವರದಲ್ಲಿ ಅಲ್ಲಿನ ಅದಿರಿನ ಯುರೇನಿಯಂ ಪರೀಕ್ಷಿಸಿದಾಗ ಯುರೇನಿಯಂ-235ರ ಪಾಲು ಶೇ 0.7202 ಇರಬೇಕಾದಲ್ಲಿ 0.7171 ಇತ್ತು. ಮೂರನೇ ದಶಮಾಂಶದ ಈ ಕೊರತೆಯನ್ನು ಅವರು ಅಲಕ್ಷಿಸಲಿಲ್ಲ. ಬಾಂಬಿನ ವಸ್ತು ಕಾಣೆಯಾದರೆ ಲೆಕ್ಕ ಕೊಡಲೇಬೇಕಲ್ಲ! ಹುಡುಕಿದಾಗ ಗಣಿಯ ಕೆಲವೆಡೆ ಕೊರತೆ ಇನ್ನೂ ದೊಡ್ಡದಾಗಿತ್ತು. ಜೊತೆಗೆ ಪರಮಾಣು ವಿದಳನದಿಂದ ಮಾತ್ರ ಬರಬಹುದಾದ ಐಸೊಟೋಪುಗಳ ಗುರುತೂ ಇತ್ತು. ಸುಮಾರು 200 ಕೋಟಿ ವರ್ಷದ ಹಿಂದೆ ಅಲ್ಲಿ ತಾನೇ ತಾನಾಗಿ ಪರಮಾಣು ರಿಯಾಕ್ಟರ್ ನಡೆದಿತ್ತು.

ಅಂದು ಅದು ಹೇಗೆ ಸಾಧ್ಯವಾಯಿತು, ಇಂದು ಏಕೆ ಸಾಧ್ಯವಿಲ್ಲ ಎಂಬುದಕ್ಕೂ ಅರ್ಧಾಯುವಿನಲ್ಲೇ ಉತ್ತರವಿದೆ. ಯುರೇನಿಯಂ-235 ತನ್ನ ಅಣ್ಣ ಯುರೇನಿಯಂ-238ಕ್ಕಿಂತ ಬೇಗ ಒಡೆಯುತ್ತದೆ. ಹಿಂದೆ ಹಿಂದೆ ಹೋದಂತೆ ಅದರ ಪಾಲು ಹೆಚ್ಚುತ್ತದೆ. ಆ ಕಾಲದಲ್ಲಿ ಅದು ಶೇ 3.7ರಷ್ಟಿತ್ತು. ಇಂದು ಸಾಮಾನ್ಯ ನೀರು ಬಳಸುವ ರಿಯಾಕ್ಟರುಗಳಿಗೆ ಕಾರ್ಖಾನೆಯಲ್ಲಿ ಕಷ್ಟಪಟ್ಟು ತಂದುಕೊಳ್ಳುವ ಮಟ್ಟವದು. ಕೈಗಾದಲ್ಲಿ ಹಾಗೆ ಹೆಚ್ಚಿಸದ, ಶೇ 0.7ರ ಯುರೇನಿಯಂ ಅನ್ನೇ ಬಳಸಲು ಆಗುವುದು ಅಲ್ಲಿ ಸಾಮಾನ್ಯ ನೀರಿನ ಬದಲು ಭಾರಜಲ ಇರುವುದರಿಂದ. ಓಕ್ಲೊದಲ್ಲಿ ಅಂತರ್ಜಲ ಒಳನುಗ್ಗಿದಾಗ ಸರಣಿಕ್ರಿಯೆ ಶುರುವಾಗುತ್ತಿತ್ತು, ಬಿಸಿಗೆ ನೀರು ಕುದಿದು ಆರಿದಾಗ ನಿಲ್ಲುತ್ತಿತ್ತು. ಅರ್ಧ ಗಂಟೆ ಉರಿ, ಎರಡೂವರೆ ಗಂಟೆ ವಿರಾಮ: ಅಲ್ಲಿ ಸಿಕ್ಕಿಬಿದ್ದ ಜೆನಾನ್ ಅನಿಲವನ್ನು ಪರೀಕ್ಷಿಸಿ ಅಲೆಕ್ಸ್ ಮೆಷಿಕ್ ಮತ್ತು ಸಂಗಡಿಗರು 2004ರಲ್ಲಿ ಈ ಲಯವನ್ನು ಲೆಕ್ಕ ಹಾಕಿದರು. ಲಕ್ಷಾಂತರ ವರ್ಷ ಹೀಗೆ ನಡೆಯಿತು.

ನೀರು ಮತ್ತು ಆಮ್ಲಜನಕ ಸಿಕ್ಕರೆ ಯುರೇನಿಯಂ ಕರಗುತ್ತದೆ. ಥೋರಿಯಂ ಕಲ್ಲಿನಲ್ಲೇ ಉಳಿಯುತ್ತದೆ. ಓಕ್ಲೊವನ್ನು ಸಾಧ್ಯವಾಗಿಸಿದ ಇದೇ ಗುಣ ಇಂದು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗಗಳ ಕೊಳವೆಬಾವಿಗಳಲ್ಲಿ ಕೆಲಸ ಮಾಡುತ್ತಿದೆ. ಗ್ರಾನೈಟಿನಲ್ಲಿ ಯುರೇನಿಯಂ ದಶಲಕ್ಷಕ್ಕೆ ಮೂರು ನಾಲ್ಕು ಪಾಲಿರುತ್ತದೆ, ಕೆಲವು ಗ್ರಾನೈಟುಗಳಲ್ಲಿ ಇನ್ನೂ ಹೆಚ್ಚು. ಕೆರೆ, ತೆರೆದ ಬಾವಿಗಳ ಕಾಲದಲ್ಲಿ ಜನ ಕುಡಿಯುತ್ತಿದ್ದುದು ಈಚಿನ ಮಳೆಯ ನೀರು. ಸಾವಿರ ಅಡಿಗೂ ಕೆಳಗಿಳಿದು ಬಿರುಕುಗಳಿಂದ ಎತ್ತುವ ನೀರು ಕಲ್ಲಿನ ಜೊತೆ ಬಹುಕಾಲ ಕಳೆದದ್ದು. ಅದರಲ್ಲಿನ ಬೈಕಾರ್ಬನೇಟ್ ಯುರೇನಿಯಂ ಅನ್ನು ಹಿಡಿದು ಕರಗಿಸಿಟ್ಟುಕೊಂಡಿರುತ್ತದೆ. ಫ್ಲೋರೈಡಿನ ಕಥೆ ನಮಗೆ ಗೊತ್ತು, ಹಲ್ಲು ಕಲೆಗಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಯುರೇನಿಯಂ ಹಾಗೆ ಗುರುತು ಬಿಡುವುದಿಲ್ಲ. ರುಚಿಯಿಲ್ಲ, ಬಣ್ಣವಿಲ್ಲ, ಕುದಿಸಿದರೆ ಹೋಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 30 ಮೈಕ್ರೊಗ್ರಾಂ. ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇಟ್ಟುಕೊಂಡ ಮಿತಿ 60. ಪೂರ್ವ ಕರ್ನಾಟಕದ 73 ಹಳ್ಳಿಗಳ ಕುಡಿಯುವ ಅಂತರ್ಜಲವನ್ನು ಪರೀಕ್ಷಿಸಿ 2021ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಹುಪಾಲು ಹಳ್ಳಿಗಳ ನೀರು 30ರ ಗಡಿ ದಾಟಿತ್ತು. ಇದು ಪತ್ರಿಕೆಗಳಲ್ಲಿ ಒಂದೆರಡು ದಿನ ಸುದ್ದಿಯಾಗಿ ಹಿಂದೆ ಸರಿಯಿತು.

ಇಲ್ಲಿ ಒಂದು ಲೆಕ್ಕವನ್ನು ಸ್ಪಷ್ಟವಾಗಿ ಹೇಳಬೇಕು. 60 ಮೈಕ್ರೊಗ್ರಾಂ ಯುರೇನಿಯಂ ಇರುವ ಒಂದು ಲೀಟರ್ ನೀರಿನಲ್ಲಿ ಆ ಯುರೇನಿಯಂನಿಂದ ಸೆಕೆಂಡಿಗೆ ಒಂದೆರಡು ಪರಮಾಣು ಒಡೆಯುತ್ತವೆ. ಒಂದು ಲೀಟರ್ ಹಾಲಿನ ಪೊಟ್ಯಾಷಿಯಂನಲ್ಲಿ ಒಡೆಯುವುದು 45ರ ಆಸುಪಾಸು. ಯುರೇನಿಯಂನ ಆಲ್ಫಾ ಕಣ ಹೆಚ್ಚು ಹಾನಿಕರ ಎಂಬುದನ್ನು ಗಣನೆಗೆ ತಂದುಕೊಂಡರೂ, ಇಲ್ಲಿ ಮೊದಲ ಚಿಂತೆ ವಿಕಿರಣದ್ದಲ್ಲ. ಯುರೇನಿಯಂ ಸೀಸ, ಕ್ಯಾಡ್ಮಿಯಂಗಳಂತೆ ಒಂದು ಭಾರಲೋಹ. ಅದು ಮೂತ್ರಪಿಂಡಕ್ಕೆ ರಾಸಾಯನಿಕ ವಿಷ. ಮಿತಿಗಳನ್ನು ನಿಗದಿ ಮಾಡಿರುವುದೂ ಮುಖ್ಯವಾಗಿ ಆ ಆಧಾರದ ಮೇಲೇ. ಕೇರಳದ ಕರುನಾಗಪಳ್ಳಿಯ ಮೊನಜೈಟ್ ಮರಳಿನ ಸೀಮೆಯಲ್ಲಿ ಸುಮಾರು 70 ಸಾವಿರ ಜನರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆಲದ ಹೆಚ್ಚಿನ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ ಗುರುತು ಸಿಗಲಿಲ್ಲ. ‘ವಿಕಿರಣದ ಮರಳು’ ಎಂದರೆ ದೇಶವೇ ತಿರುಗಿ ನೋಡುತ್ತದೆ. ‘ಕೊಳವೆಬಾವಿಯ ನೀರು’ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಅಪಾಯದ ಅಳತೆ ಇದಕ್ಕೆ ಉಲ್ಟಾ ಇರಬಹುದು ಎಂಬುದೇ ನಾನು ಹೇಳಬಯಸಿದ್ದು.

ಪರೀಕ್ಷೆ ದುಬಾರಿಯಲ್ಲ. ನೀರಿನಲ್ಲಿ ಕರಗಿದ ಯುರೇನಿಯಂ ನೇರಳಾತೀತ ಬೆಳಕು ಬಿದ್ದಾಗ ಹಸಿರಾಗಿ ಮಿನುಗುತ್ತದೆ, ಆ ಮಿನುಗನ್ನೇ ಫ್ಲೋರಿಮೀಟರ್ ಎಂಬ ಪೆಟ್ಟಿಗೆ ಅಳೆಯುತ್ತದೆ. 1896ರಲ್ಲಿ ಹೆನ್ರಿ ಬೆಕೆರೆಲ್ ಪ್ರಯೋಗಕ್ಕೆ ಯುರೇನಿಯಂ ಲವಣವನ್ನೇ ಆರಿಸಿಕೊಂಡದ್ದೂ ಅದು ಹಾಗೆ ಮಿನುಗುತ್ತದೆಂದೇ; ವಿಕಿರಣಶೀಲತೆ ಸಿಕ್ಕಿದ್ದು ಆ ದಾರಿಯಲ್ಲಿ. ಶುದ್ಧೀಕರಣವೂ ಅಸಾಧ್ಯವಲ್ಲ. ಹಳ್ಳಿ ಹಳ್ಳಿಗಳಲ್ಲಿ ನಿಂತಿರುವ ಶುದ್ಧ ಕುಡಿಯುವ ನೀರಿನ ಘಟಕಗಳ ಆರ್‌ಒ ಪೊರೆ ಫ್ಲೋರೈಡಿನ ಜೊತೆ ಯುರೇನಿಯಂ ಅನ್ನೂ ತಡೆಯುತ್ತದೆ, ಪೊರೆಯನ್ನು ಕಾಲಕಾಲಕ್ಕೆ ಬದಲಿಸಿದರೆ ಮಾತ್ರ. ಪೊರೆ ತಡೆದದ್ದೆಲ್ಲ ಹೋಗುವುದು ಘಟಕದ ಹಿಂಬದಿಯ ಪೈಪಿನ ತ್ಯಾಜ್ಯ ನೀರಿಗೆ. ಎತ್ತಿದ ನೀರಿಗಿಂತ ಯುರೇನಿಯಂ ಅದರಲ್ಲಿ ಹೆಚ್ಚು ಸಾಂದ್ರವಾಗಿರುತ್ತದೆ. ಆ ಪೈಪು ಚರಂಡಿಗೆ ಬೀಳುತ್ತದೆಯೇ, ದನಗಳು ಕುಡಿಯುವ ತೊಟ್ಟಿಗೋ, ಸೊಪ್ಪಿನ ಮಡಿಗೋ ಎಂಬುದನ್ನು ಪ್ರತಿ ಊರಿನವರೂ ಘಟಕದ ಹಿಂದೆ ಹೋಗಿ ನೋಡಬೇಕು. ನೋಡಿದ್ದನ್ನು ಗ್ರಾಮಸಭೆಯಲ್ಲಿ ಎತ್ತಬೇಕು, ನೀರಿನ ಪರೀಕ್ಷೆಯ ಪಟ್ಟಿಗೆ ಯುರೇನಿಯಂ ಸೇರಿಸಿ ಎಂದು ಬರಹದಲ್ಲಿ ಕೇಳಬೇಕು.